ಘಟ್ಟ ಇಳಿದ ಗಾಳಿ, ಪಟಾನ್‌ಚೆರುವಿನ ಮಣ್ಣು

ಬೀದರ್, ಹುಮನಾಬಾದ್ ಕಡೆಯಿಂದ ಹೈದರಾಬಾದಿಗೆ ಹೋಗುವವರಿಗೆ ಪಟಾನ್‌ಚೆರು ಬಂತೆಂದರೆ ನಗರ ಶುರುವಾಯಿತೆಂದೇ ಲೆಕ್ಕ. ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಬಸ್ಸು ಇಲ್ಲಿಗೆ ಮುಟ್ಟುವಷ್ಟರಲ್ಲಿ ತೂಕಡಿಸುತ್ತಿದ್ದವರು ಎಚ್ಚರಾಗಿ ಚೀಲ, ಚಪ್ಪಲಿ ಹುಡುಕತೊಡಗುತ್ತಾರೆ. ಕಿಟಕಿಯಾಚೆ ಕಾರ್ಖಾನೆಗಳ ಚಿಮಣಿ, ವರ್ತುಲ ರಸ್ತೆಯ ಮೇಲ್ಸೇತುವೆ, ಹೆದ್ದಾರಿಯ ಅಂಚಿಗೆ ಒರಗಿ ನಿಂತ ಲಾರಿಗಳು. ಈ ಗದ್ದಲಕ್ಕೆ ಅಂಟಿಕೊಂಡೇ ಸುಮಾರು 1,400 ಹೆಕ್ಟೇರಿನ ಹೊಲ, ಕೆರೆ, ಬಂಡೆಗುಡ್ಡಗಳ ಆವರಣವೊಂದಿದೆ ಎಂದು ಬಸ್ಸಿನಲ್ಲಿ ಕೂತವರಿಗೆ ಗೊತ್ತಾಗುವುದು ಕಷ್ಟ. ಅದು ಇಕ್ರಿಸ್ಯಾಟ್: ಅರೆಶುಷ್ಕ ಉಷ್ಣವಲಯದ ಬೆಳೆಗಳಿಗಾಗಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ, ಅಂದರೆ ನಮ್ಮ ಬಯಲುಸೀಮೆಯ ಊಟದ ತಟ್ಟೆಯೇ ಇದರ ವಿಷಯಸೂಚಿ.

ನಾನು ಅಲ್ಲಿಗೆ ಹೋದದ್ದು ಬೆಳೆ ನೋಡಲಿಕ್ಕಲ್ಲ, ಗಾಳಿ ನೋಡಲಿಕ್ಕೆ. ಮೃಗಶಿರ ಹುಟ್ಟಿತ್ತು, ಮಳೆ ಹುಟ್ಟಿರಲಿಲ್ಲ. ಒಂದೆರಡು ಅಡ್ಡಮಳೆ ಬಿದ್ದು ಹೋಗಿದ್ದವು, ಅಷ್ಟೆ. ಪಡುವಣ ಗಾಳಿ ಮಾತ್ರ ಬೆಳಗಿನ ಹತ್ತಕ್ಕೆಲ್ಲ ಬೇವಿನ ಮರಗಳನ್ನು ಪೂರ್ವಕ್ಕೆ ಬಾಗಿಸಿ ಹಿಡಿದಿತ್ತು.

ಬೆಟ್ಟದಿಂದ ಇಳಿದು ಬರುವ ಗಾಳಿ ಮರುಭೂಮಿಯ ತಗ್ಗುಗಳಲ್ಲಿ ಧೂಳಿನ ಗೋಡೆಯನ್ನೇ ಎಬ್ಬಿಸುತ್ತದೆ. ಆಫ್ರಿಕಾದ ಚಾಡ್, ಅಮೆರಿಕದ ಕ್ಯಾಲಿಫೋರ್ನಿಯಾ, ಇರಾನಿನ ಸಿಸ್ತಾನ್, ಎಲ್ಲ ಕಡೆಯ ಕಥೆಯಲ್ಲೂ ಒಂದು ಬೆಟ್ಟ, ಬೆಟ್ಟದ ಬುಡದಲ್ಲೊಂದು ಒಣಗಿದ ತಗ್ಗು ಇದ್ದೇ ಇರುತ್ತವೆ. ದಖ್ಖನ್ನಿಗೂ ಪಡುವಣದಲ್ಲಿ ಘಟ್ಟವಿದೆ. ಘಟ್ಟ ಹತ್ತಿ ಇಳಿದ ಗಾಳಿ ಜೂನ್, ಜುಲೈ ಪೂರ್ತಿ ನಮ್ಮ ಬಯಲಿನ ಮೇಲೆ ಓಡುತ್ತದೆ. ಹಾಗಿದ್ದೂ ವಿಜಯಪುರದಿಂದ ಪಟಾನ್‌ಚೆರುವರೆಗಿನ ಹೊಲಗಳು ಆಕಾಶಕ್ಕೇಕೆ ಏಳುವುದಿಲ್ಲ? ಇದಕ್ಕೆ ಉತ್ತರ ಹುಡುಕಲು ಇಕ್ರಿಸ್ಯಾಟ್‌ಗಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಈ ಸಂಸ್ಥೆ ಇಲ್ಲಿಯ ಮಣ್ಣನ್ನು ಅರ್ಧ ಶತಮಾನದಿಂದ ಅಳೆದಿದೆ. ಅದರ ಇನ್ನೊಂದು ಕೇಂದ್ರವಿರುವುದೋ, ಸಹಾರಾ ಮರುಭೂಮಿಯ ದಕ್ಷಿಣದಂಚಿನ ನೈಜರ್ ದೇಶದಲ್ಲಿ. ಅಲ್ಲಿ ಹೊಲ ನಿಜವಾಗಿಯೂ ಹಾರುತ್ತದೆ.

ಒಳಗೆ ಕಾಲಿಡಲು ಮೊದಲೇ ಅನುಮತಿ ಬೇಕು. ಸಿಕ್ಕಿತು ಎಂದಿಟ್ಟುಕೊಂಡರೆ ಮೊದಲು ನೋಡಬೇಕಾದದ್ದು ಹವಾಮಾನ ವೀಕ್ಷಣಾಲಯ. ಬೇಲಿ ಹಾಕಿದ, ಹುಲ್ಲು ಬೆಳೆಸಿದ ಒಂದು ತುಂಡು ನೆಲ. ಬಿಳಿ ಬಣ್ಣದ, ಜಾಲಂಧ್ರದ ಮರದ ಪೆಟ್ಟಿಗೆಯೊಳಗೆ ಉಷ್ಣಮಾಪಕಗಳು. ಕಂಬದ ತುದಿಯಲ್ಲಿ ಗಾಳಿಯ ವೇಗ ಅಳೆಯುವ ಬಟ್ಟಲುಗಳು ಒಂದೇ ಸಮನೆ ಗಿರಗಿರನೆ ತಿರುಗುತ್ತಿದ್ದವು. ಪಕ್ಕದ ದಿಕ್ಸೂಚಕದ ಮೂತಿ ಪಶ್ಚಿಮ ಬಿಟ್ಟು ಅಲುಗುತ್ತಿರಲಿಲ್ಲ. ಹಕ್ಕಿಗಳು ನೀರು ಕುಡಿಯದಂತೆ ತಂತಿಬಲೆ ಹೊದಿಸಿದ ಅಗಲವಾದ ತೊಟ್ಟಿಯೊಂದಿದೆ. ದಿನಕ್ಕೆ ಎಷ್ಟು ನೀರು ಆವಿಯಾಯಿತೆಂದು ಅದರಿಂದ ಲೆಕ್ಕ ಹಿಡಿಯುತ್ತಾರೆ. ಪಟಾನ್‌ಚೆರುವಿನ ಹವೆಯನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಆ ತೊಟ್ಟಿಯ ಲೆಕ್ಕವೇ ಸಾಕು: ವರ್ಷಕ್ಕೆ ಮೇಲಿಂದ ಬೀಳುವ ಮಳೆ 800 ಮಿ.ಮೀ. ಆಸುಪಾಸು, ಬಿಸಿಲೂ ಗಾಳಿಯೂ ಸೇರಿ ಹೀರಿಕೊಳ್ಳಬಲ್ಲ ನೀರು ಅದರ ಎರಡು ಪಟ್ಟಿಗೂ ಹೆಚ್ಚು.

ಹಾಗೆ ಹೀರುವ ಗಾಳಿ ಬಂದ ದಾರಿ ನೋಡಿ. ಇಲ್ಲಿಂದ ನೇರ ಪಡುವಣಕ್ಕೆ ಸುಮಾರು 500 ಕಿ.ಮೀ. ದೂರದಲ್ಲಿ ಸಹ್ಯಾದ್ರಿಯ ಗೋಡೆ. ಅರಬ್ಬೀ ಸಮುದ್ರದಿಂದ ನೀರು ತುಂಬಿಕೊಂಡು ಬಂದ ಗಾಳಿ ಆ ಗೋಡೆ ಹತ್ತುವಾಗ ತಣ್ಣಗಾಗುತ್ತದೆ, ಮೋಡ ಕಟ್ಟುತ್ತದೆ, ಸುರಿಯುತ್ತದೆ. ಘಟ್ಟದ ನೆತ್ತಿಯ ಮಹಾಬಲೇಶ್ವರದಲ್ಲಿ ವರ್ಷಕ್ಕೆ 5,500 ಮಿ.ಮೀ.ಗೂ ಮೀರಿ ಮಳೆ. ಅಲ್ಲಿಂದ ಪೂರ್ವಕ್ಕೆ 30 ಕಿ.ಮೀ. ಸುಮಾರಿಗೆ ಇಳಿದರೆ ವಾಯಿ ಪಟ್ಟಣ; ಅಲ್ಲಿ ಸಾವಿರ ಮಿ.ಮೀ.ಯೂ ಇಲ್ಲ. ಆಗುಂಬೆಯಲ್ಲಿ ನೆನೆದು ಚಳ್ಳಕೆರೆಯಲ್ಲಿ ಒಣಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರು ಕಳೆದುಕೊಂಡ ಗಾಳಿ ಬರೀ ಒಣಗುವುದಿಲ್ಲ, ಬಿಸಿಯೂ ಆಗುತ್ತದೆ. ಮೋಡ ಕಟ್ಟುತ್ತ ಮೇಲೇರುವಾಗ ಆವಿ ನೀರಾಗಿ ಬಿಟ್ಟುಕೊಟ್ಟ ಶಾಖ ಗಾಳಿಯಲ್ಲೇ ಉಳಿಯುವುದರಿಂದ ಕಿಲೋಮೀಟರಿಗೆ ಐದಾರು ಡಿಗ್ರಿಯಷ್ಟೇ ತಂಪಾಗುತ್ತದೆ. ಆಚೆ ಇಳಿಯುವಾಗ ಮೋಡವಿಲ್ಲ. ಒತ್ತಡಕ್ಕೆ ಸಿಕ್ಕ ಒಣಗಾಳಿ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿ ಕಾಯುತ್ತದೆ. ಒಂದೇ ಎತ್ತರಕ್ಕೆ ಲೆಕ್ಕ ಹಾಕಿದರೆ ಹತ್ತುವಾಗ ಕಳೆದುಕೊಂಡದ್ದಕ್ಕಿಂತ ಇಳಿಯುವಾಗ ಗಳಿಸಿದ್ದೇ ಹೆಚ್ಚು. ಆಲ್ಪ್ಸ್ ಪರ್ವತದ ಕೆಳಗಿನವರು ಇಂಥ ಗಾಳಿಯನ್ನು ‘ಫ್ಯೋನ್’ ಎನ್ನುತ್ತಾರೆ, ರಾಕಿ ಪರ್ವತದ ಕೆಳಗಿನವರು ‘ಚಿನೂಕ್’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿಲ್ಲ, ಮುಂಗಾರು ಗಾಳಿ ಎಂಬುದರಲ್ಲೇ ಅದೂ ಸೇರಿ ಹೋಗಿದೆ.

ಆದರೆ ಕಾಯುವುದು ಬೇರೆ, ಧುಮುಕುವುದು ಬೇರೆ. ಧೂಳೆಬ್ಬಿಸಲು ಗಾಳಿ ಧುಮುಕಬೇಕು. ತುಂಬಿದ ಕೆರೆಯ ಕೋಡಿ ಬಿದ್ದಾಗ ನೋಡಿದ್ದೀರಲ್ಲ, ಹಿಂದೆ ನಿಂತಂತಿದ್ದ ನೀರು ಕೋಡಿ ದಾಟಿದ್ದೇ ತೆಳ್ಳಗಾಗಿ ವೇಗ ಹಿಡಿದು ಕೆಳಗೆ ಜಾರುತ್ತದೆ, ಬುಡದಲ್ಲಿ ತಟ್ಟನೆ ಎದ್ದು ನೊರೆಯಾಗಿ ಸುತ್ತುತ್ತದೆ. ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದಂತೆ ಕೂತಿದ್ದರೆ ಬೆಟ್ಟ ದಾಟುವ ಗಾಳಿಯೂ ಹೀಗೆಯೇ ನಡೆದುಕೊಳ್ಳುತ್ತದೆ. ಇಳಿಜಾರು ಕಡಿದಾಗಿದ್ದಷ್ಟೂ ವೇಗ ಹೆಚ್ಚು. ಬುಡದಲ್ಲಿ ಗಾಳಿ ಎದ್ದು ಸುರುಳಿಯಾಗುವಲ್ಲಿ ಸಡಿಲ ಮಣ್ಣಿದ್ದರೆ ಅದೂ ಜೊತೆಗೆ ಏಳುತ್ತದೆ.

ಇದನ್ನು ಜೀವದ ಹಂಗು ತೊರೆದು ಅಳೆದದ್ದು ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ. ಕಣಿವೆಯ ಪಶ್ಚಿಮಕ್ಕೆ ಸಿಯೆರಾ ನೆವಾಡ ಪರ್ವತ. ಅದರ ವಿಟ್ನಿ ಶಿಖರ 4,421 ಮೀಟರ್, ಕೆಳಗಿನ ಕಣಿವೆ ಸುಮಾರು 1,100 ಮೀಟರ್. ಹತ್ತಿಪ್ಪತ್ತು ಕಿ.ಮೀ. ಅಂತರದಲ್ಲಿ ಮೂರು ಸಾವಿರ ಮೀಟರಿಗೂ ಮಿಕ್ಕಿದ ಇಳಿತ. 1951-52ರಲ್ಲಿ ವಿಜ್ಞಾನಿಗಳು ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳಲ್ಲಿ ಕೂತು ಆ ಅಲೆಯೊಳಗೆ ಹಾರಿದರು. 1955ರಲ್ಲಿ ಒಂದು ಗ್ಲೈಡರ್ ಸುರುಳಿಗಾಳಿಗೆ ಸಿಕ್ಕಿ ಆಕಾಶದಲ್ಲೇ ಚೂರಾಯಿತು, ಚಾಲಕ ಪ್ಯಾರಾಶೂಟಿನಿಂದ ಬದುಕಿಕೊಂಡ. ಗಾಳಿ ಆ ಕಣಿವೆಗೆ ಹೊಸತಲ್ಲ, ಧೂಳು ಹೊಸತು. 1913ರಲ್ಲಿ ಲಾಸ್ ಏಂಜಲೀಸ್ ನಗರ ಓವೆನ್ಸ್ ನದಿಯನ್ನು ಕಾಲುವೆಗೆ ತಿರುಗಿಸಿಕೊಂಡಿತು, 1920ರ ದಶಕದಲ್ಲಿ ಓವೆನ್ಸ್ ಸರೋವರ ಒಣಗಿ ಉಪ್ಪಿನ ಹುಡಿಯ ತಳ ಬಯಲಾಯಿತು. ಪರ್ವತ ಇಳಿಯುವ ಗಾಳಿಗೂ ಕಣಿವೆಗುಂಟ ಬೀಸುವ ಗಾಳಿಗೂ ಅಲ್ಲಿಂದಾಚೆಗೆ ಹೊರಲು ಸರಕು ಸಿಕ್ಕಿತು. ಕುಡಿಯುವ ನೀರಿಗೆಂದು ಕೆರೆ ಒಣಗಿಸಿದ ಅದೇ ನಗರ, ಧೂಳು ಅಡಗಿಸಲು ಅದೇ ತಳಕ್ಕೆ ಮತ್ತೆ ನೀರು ಹಾಯಿಸಿ, ಜಲ್ಲಿ ಹರಡಿ, ಹುಲ್ಲು ಬೆಳೆಸಿ, 200 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ.

ಇದನ್ನೇ ಸಹ್ಯಾದ್ರಿಯ ಪಕ್ಕ ಇಟ್ಟು ನೋಡಿ. ಎರಡೂ ಕಡೆ ಗಾಳಿ ಬರುವುದು ಪಡುವಣದಿಂದಲೇ. ಸಿಯೆರಾ ತನ್ನ ಕಡಿದಾದ ಮೈಯನ್ನು ಗಾಳಿಗೆ ಬೆನ್ನಾಗಿಸಿ ನಿಂತಿದೆ, ಸಹ್ಯಾದ್ರಿ ಎದೆಯಾಗಿಸಿ ನಿಂತಿದೆ. ಕೊಂಕಣದ ಕಡೆಯಿಂದ ನೋಡಿದರೆ ಗೋಡೆ, ದಖ್ಖನ್ನಿನ ಕಡೆಯಿಂದ ನೋಡಿದರೆ ಇಳುಕಲು. ಸಾವಿರ ಮೀಟರ್ ಹತ್ತಿದ ಗಾಳಿ ಇತ್ತ ಇಳಿಯುವುದು ನಾಲ್ಕೈದು ನೂರು ಮೀಟರ್, ಅದೂ ನೂರಾರು ಕಿ.ಮೀ. ಉದ್ದಕ್ಕೆ ನಿಧಾನವಾಗಿ. ಪಟಾನ್‌ಚೆರು ಸಮುದ್ರಮಟ್ಟದಿಂದ ಸುಮಾರು 545 ಮೀಟರ್ ಎತ್ತರದಲ್ಲೇ ಇದೆ. ಇಲ್ಲಿಗೆ ಬರುವ ಗಾಳಿ ಇಳಿದ ಗಾಳಿ ನಿಜ, ಧುಮುಕಿದ ಗಾಳಿಯಲ್ಲ. ಜೋರಾಗಿ ಬೀಸುವುದು ಬೇರೆ ಕಾರಣಕ್ಕೆ: ಸೊಮಾಲಿಯದ ಕಡೆಯಿಂದ ಸಮುದ್ರ ದಾಟಿ ಬರುವ ಮುಂಗಾರಿನ ಹೊಳೆ ಭಾರತದ ಪರ್ಯಾಯದ್ವೀಪದ ಮೇಲೂ ಒಂದೂವರೆ ಕಿ.ಮೀ. ಎತ್ತರದಲ್ಲಿ ರಭಸವಾಗಿ ಹರಿಯುತ್ತದೆ. ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟವರು ಕಾಯುವುದು ಈ ಹೊಳೆಯನ್ನೇ.

ವೀಕ್ಷಣಾಲಯದಿಂದ ಕರಿಮಣ್ಣಿನ ಹೊಲಕ್ಕೆ ಹೋದೆವು. ನಮ್ಮ ಕಡೆ ಎರಿ, ಇಲ್ಲಿಯವರ ಮಾತಿನಲ್ಲಿ ರೇಗಡಿ. ಮಣ್ಣಿನ ವಿಜ್ಞಾನಿಗಳು ಇಲ್ಲಿಯ ಈ ಮಣ್ಣಿಗೆ ‘ಕಾಸಿರೆಡ್ಡಿಪಲ್ಲಿ ಸರಣಿ’ ಎಂದೂ ಪಕ್ಕದ ಕೆಂಪು ಮಣ್ಣಿಗೆ ‘ಪಟಾನ್‌ಚೆರು ಸರಣಿ’ ಎಂದೂ ಹೆಸರಿಟ್ಟಿದ್ದಾರೆ. ಜಗತ್ತಿನ ಮಣ್ಣು ತಜ್ಞರ ಲೇಖನಗಳಲ್ಲಿ ಈ ಊರಿನ ಹೆಸರು ಓಡಾಡುವುದು ಹೀಗೆ.

ಬೇಸಿಗೆಯಲ್ಲಿ ಬಾಯಿ ಬಿಟ್ಟಿದ್ದ ಬಿರುಕುಗಳು ಅಡ್ಡಮಳೆಗೆ ಅರ್ಧ ಮುಚ್ಚಿದ್ದವು, ಇನ್ನರ್ಧಕ್ಕೆ ನಾಲ್ಕು ಬೆರಳು ಸಲೀಸಾಗಿ ಇಳಿಯುತ್ತಿದ್ದವು. ಕೂತು ಒಂದು ಹೆಂಟೆ ಎತ್ತಿದೆ. ಎರಡೂ ಕೈಯಲ್ಲಿ ಹಿಸುಕಿದರೂ ಒಡೆಯಲಿಲ್ಲ. ನೆಲಕ್ಕೆ ಕುಕ್ಕಿದಾಗ ಮೂರು ಹೋಳಾಯಿತು, ಒಡೆದ ಮೈ ಚೂಪುಕೋನಗಳಿಂದ ಹೊಳೆಯಿತು. ಹೊಲದ ಮೇಲ್ಮೈಯಲ್ಲಿ ಮಾತ್ರ ಒಂದು ಬೆರಳು ದಪ್ಪಕ್ಕೆ ಕಡಲೆಕಾಳಿನ ಗಾತ್ರದ ಹರಳು ಹರಳು ಮಣ್ಣು ಉದುರಾಗಿ ಬಿದ್ದಿತ್ತು. ನೆನೆದು ಒಣಗಿ, ಉಬ್ಬಿ ಕುಗ್ಗಿ ತಾನಾಗಿಯೇ ಆಗುವ ಹರಳು ಇದು, ಯಾರೂ ಕುಂಟೆ ಹೊಡೆದದ್ದಲ್ಲ. ಒಂದು ಹಿಡಿ ತೆಗೆದು ಗಾಳಿಗೆ ಹಿಡಿದು ನಿಧಾನವಾಗಿ ಸುರಿದೆ. ಬೇವಿನ ಮರ ಬಾಗಿಸುವ ಗಾಳಿಗೂ ಅದು ಕಾಲಬುಡ ಬಿಟ್ಟು ಒಂದು ಗೇಣು ಸರಿದು ಬಿತ್ತು. ಬೆರಳಿಗಂಟಿದ್ದ ಹುಡಿಯಷ್ಟೇ ಹಾರಿ ಹೋದದ್ದು.

ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಜೇಡಿ. ಜೇಡಿಯ ಕಣ ಅತಿ ಸಣ್ಣದು, ಒಮ್ಮೆ ಮೇಲೆದ್ದರೆ ಸಾವಿರಾರು ಕಿ.ಮೀ. ಹೋಗಬಲ್ಲದು, ಆದರೆ ತಾನಾಗಿ ಏಳುವುದಿಲ್ಲ, ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ಅದನ್ನು ಎಬ್ಬಿಸಲು ಮರಳು ಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಒಣ ಮರಳಿನ ಕಣ ಗಂಟೆಗೆ ಇಪ್ಪತ್ತು ಇಪ್ಪತ್ತೈದು ಕಿ.ಮೀ. ಗಾಳಿಗೇ ಜಾಗ ಬಿಡುತ್ತದೆ. ಪೂರ್ತಿ ಹಾರಲಾರದು, ನೆಗೆಯುತ್ತದೆ. ನೆಗೆದು ಬಿದ್ದಲ್ಲಿ ನೆಲಕ್ಕೆ ಬಡಿಯುತ್ತದೆ, ಆ ಬಡಿತಕ್ಕೆ ಜೇಡಿ ಚೂರಾಗಿ ಮೇಲೇಳುತ್ತದೆ. ಈಜಿಪ್ಟ್, ಲಿಬಿಯಾ ಮರುಭೂಮಿಗಳಲ್ಲಿ ಕಾರು ಓಡಿಸಿಕೊಂಡು ತಿರುಗಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ 1941ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ನೆಗೆತದ ಗಣಿತ ಬರೆದಿಟ್ಟ. ಧೂಳಿನ ಬಿರುಗಾಳಿ ಅಂದರೆ ಮರಳು ಸುತ್ತಿಗೆಯಾಗಿ, ಜೇಡಿ ಹೊಗೆಯಾಗಿ ನಡೆಯುವ ಕೆಲಸ. ಎರಿಹೊಲದಲ್ಲಿ ಸುತ್ತಿಗೆ ಕಡಿಮೆ, ಹೊಡೆತ ತಿನ್ನಬೇಕಾದದ್ದು ಗಟ್ಟಿ ಹರಳು.

ಕೆಂಪು ಹೊಲದಲ್ಲಿ ಮರಳಿಗೆ ಬರವಿಲ್ಲ. ನಮ್ಮ ಮಸಾರಿ, ಇವರ ಚಲಕ. ಅಲ್ಲಿ ಕಾಪಾಡುವುದು ಇನ್ನೊಂದು. ಮಳೆಯ ಹನಿ ಬಡಿದು, ಮೇಲೆ ಹೆಪ್ಪುಗಟ್ಟಿದಂಥ ತೆಳು ಪೊರೆ. ಉಗುರಿನಿಂದ ಅಂಚು ಹಿಡಿದು ಎಬ್ಬಿಸಿದರೆ ಹಪ್ಪಳದ ಚೂರಿನಷ್ಟು ತುಂಡು ಮೇಲೆ ಬಂತು, ಅಡಿಯಲ್ಲಿ ಸಡಿಲ ಮಣ್ಣು. ಈ ಪೊರೆ ರೈತನ ವೈರಿ. ಸಜ್ಜೆ, ಜೋಳದ ಮೊಳಕೆ ಇದನ್ನು ಒಡೆದು ಬರಲಾರದೆ ಒಳಗೇ ಮುರುಟುತ್ತದೆ, ಮಳೆನೀರು ಇಂಗದೆ ಹರಿದು ಹೋಗುತ್ತದೆ. ಇದನ್ನು ಒಡೆಯುವುದು ಹೇಗೆಂದು ಇಲ್ಲಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಆದರೆ ಗಾಳಿಯ ಎದುರು ಅದೇ ಪೊರೆ ಹೊಲದ ಹೊದಿಕೆ.

ಅಲ್ಲೇ ಕಳೆ ತೆಗೆಯುತ್ತಿದ್ದ ಹೆಂಗಸರು ನಾನು ಮಣ್ಣು ಸುರಿದು ನೋಡುವುದನ್ನು ಕಂಡು ತೆಲುಗಿನಲ್ಲಿ ಏನೋ ಹೇಳಿ ನಕ್ಕರು. ನನ್ನನ್ನು ಕರೆತಂದಿದ್ದ ಹುಮನಾಬಾದಿನ ಚಾಲಕ ಅನುವಾದಿಸುವ ಗೋಜಿಗೆ ಹೋಗಲಿಲ್ಲ, ತನ್ನ ಮಾತನ್ನೇ ಸೇರಿಸಿದ: “ಹೊಲದಾಗಿನ ಮಣ್ಣ್ ಎಲ್ಲಿ ಹಾರ್ತದ್ರಿ ಸರ್, ಹಾರೋದೆಲ್ಲ ರಸ್ತಾದಾಗಿಂದು.”

ಆತ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸತ್ಯವಿದೆ. ಉಳಿದ ಕಾಲು ಪಾಲನ್ನು ತಿಳಿಯಲು ಆವರಣದ ಹಳೆಯ ಜಲಾನಯನ ಪ್ರಯೋಗದ ಹೊಲಕ್ಕೆ ಬರಬೇಕು. 1976ರಿಂದ ಎರಡು ತುಂಡು ಎರಿಹೊಲವನ್ನು ಎರಡು ಬಗೆಯಲ್ಲಿ ನಡೆಸಿಕೊಂಡು ಬಂದಿದ್ದಾರೆ. ಒಂದರಲ್ಲಿ ನಮ್ಮ ಹಿರಿಯರ ಪದ್ಧತಿ: ಮುಂಗಾರು ಪೂರ್ತಿ ಹೊಲ ಖಾಲಿ, ಹರಗುತ್ತ ಕಳೆ ಕೊಲ್ಲುವುದು, ಮಳೆ ಮುಗಿದ ಮೇಲೆ ಹಿಂಗಾರಿ ಜೋಳವೋ ಕಡಲೆಯೋ ಬಿತ್ತುವುದು. ವಿಜಯಪುರ ಸೀಮೆಯ ಹಲವರು ಈಗಲೂ ಮಾಡುವುದು ಇದನ್ನೇ. ಇನ್ನೊಂದರಲ್ಲಿ ಅಗಲವಾದ ಮಡಿ, ನಡುನಡುವೆ ನೀರು ಹರಿಯುವ ಸಾಲು. ಮಳೆಗೆ ಮುಂಚೆಯೇ ಒಣ ಬಿತ್ತನೆ, ಮುಂಗಾರಿನಲ್ಲೇ ಬೆಳೆ, ಅದರ ಜೊತೆಗೆ ತೊಗರಿ. ದಶಕಗಳ ಸರಾಸರಿಯಲ್ಲಿ ಮೊದಲ ಹೊಲ ಹೆಕ್ಟೇರಿಗೆ ಒಂದು ಟನ್ ಆಸುಪಾಸು ಕಾಳು ಕೊಟ್ಟಿದೆ, ಎರಡನೆಯದು ಸುಮಾರು ಐದು ಟನ್. ಮಣ್ಣಿನ ಲೆಕ್ಕ ನನಗೆ ಅದಕ್ಕಿಂತ ಮುಖ್ಯವೆನಿಸಿತು: ಖಾಲಿ ಬಿಟ್ಟ ಹೊಲ ವರ್ಷಕ್ಕೆ ಹೆಕ್ಟೇರಿಗೆ ಆರು ಟನ್ನಿಗೂ ಹೆಚ್ಚು ಮಣ್ಣು ಕಳೆದುಕೊಳ್ಳುತ್ತದೆ, ಬೆಳೆ ಹೊದ್ದ ಹೊಲ ಒಂದೂವರೆ ಟನ್ನಷ್ಟು.

ಇವೆರಡೂ ನೀರು ಒಯ್ದ ಮಣ್ಣಿನ ಲೆಕ್ಕ. ಗಾಳಿ ಒಯ್ದದ್ದನ್ನು ಅಳೆಯಲು ಈ ಹೊಲಗಳ ಅಂಚಿನಲ್ಲಿ ಯಂತ್ರ ನೆಟ್ಟಿಲ್ಲ, ಹರಿನೀರು ಅಳೆಯುವ ಕಟ್ಟೆಯಷ್ಟೇ ಇದೆ. ವಿಷಯದ ಗಂಟು ಇರುವುದು ಗಾಳಿ ಬೀಸುವ ಕಾಲದಲ್ಲಿ ಎಂದು ನನ್ನ ಅಂದಾಜು. ಹೈದರಾಬಾದ್ ಸೀಮೆಯಲ್ಲಿ ಗಾಳಿ ಅತಿ ಜೋರಾಗುವುದು ಜೂನ್, ಜುಲೈನಲ್ಲಿ. ಆಗ ನೆಲ ಒದ್ದೆ. ನೆಲ ಒಣಗಿ ಬೋಳಾಗಿ ಬಿದ್ದಿರುವುದು ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಗಾಳಿಗೆ ಅಷ್ಟು ಬಲವಿಲ್ಲ, ಸಂಜೆಯ ಗುಡುಗುಮಳೆಯ ಮುಂಚಿನ ಅರ್ಧ ಗಂಟೆಯ ಆರ್ಭಟ ಬಿಟ್ಟರೆ. ಗಾಳಿಯ ಕಾಲ, ಒಣಗಿನ ಕಾಲ ಎರಡೂ ಒಂದಾಗುವುದಿಲ್ಲ. ಅದೂ ಅಲ್ಲದೆ ಪಟಾನ್‌ಚೆರು ಘಟ್ಟದ ಮಳೆನೆರಳಿನ ಹೊರ ಅಂಚಿನಲ್ಲಿದೆ. ವಿಜಯಪುರಕ್ಕಿಂತ ಇಲ್ಲಿ ಮಳೆ ಹೆಚ್ಚು, ಏಕೆಂದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಇಲ್ಲಿಯವರೆಗೆ ಕೈ ಚಾಚುತ್ತವೆ. ಪಡುವಣದ ಗಾಳಿ ಕೊಡದ ನೀರನ್ನು ಮೂಡಣದ ಸಮುದ್ರ ಕೊಟ್ಟು ನೆಲವನ್ನು ಹಿಡಿದಿಡುತ್ತದೆ. 2023ರಂತೆ ಮುಂಗಾರು ತಡವಾಗಿ, ತೆಲಂಗಾಣಕ್ಕೆ ಮುಟ್ಟುವಾಗ ಜೂನ್ 20 ದಾಟಿದ ವರ್ಷಗಳಲ್ಲಿ ಮಾತ್ರ ಗಾಳಿ ಮುಂದೆ ಬಂದು ಮಳೆ ಹಿಂದುಳಿಯುತ್ತದೆ. ಆ ಎರಡು ಮೂರು ವಾರ ಹದ ಮಾಡಿಟ್ಟ ಮಸಾರಿ ಹೊಲಗಳ ಅಂಚಿನಲ್ಲಿ ಕೆಂಪು ಹುಡಿ ಸರಿದಾಡುವುದನ್ನು ಕಾಣಬಹುದು.

ಗಾಳಿಯೂ ಒಣಗೂ ಪ್ರತಿವರ್ಷ ತಪ್ಪದೆ ಕೂಡಿದರೆ ಏನಾಗುತ್ತದೆ ಎಂದು ನೋಡಲು ದೇಶ ಬಿಟ್ಟು ಹೋಗಬೇಕಿಲ್ಲ. ತಮಿಳುನಾಡಿನ ತೂತ್ತುಕುಡಿ, ತಿರುನೆಲ್ವೇಲಿ ಜಿಲ್ಲೆಗಳಲ್ಲಿ ‘ತೇರಿ’ ಎಂಬ ಕೆಂಪು ಮರಳಿನ ದಿಬ್ಬಗಳಿವೆ. ಬೆಂಕಿಯ ಕೆಂಡದ ಬಣ್ಣ, ತಾಳೆಮರಗಳು ಸೊಂಟದವರೆಗೆ ಹೂತು ನಿಂತಿರುತ್ತವೆ. ನಾವು ಹೇಳುತ್ತಿರುವ ಅದೇ ಮುಂಗಾರು ಗಾಳಿ ಪಶ್ಚಿಮ ಘಟ್ಟದ ದಕ್ಷಿಣ ತುದಿಯ ಆರಲ್ವಾಯ್‌ಮೊಳಿ ಕಣಿವೆಯ ಕಿಂಡಿಯಿಂದ ನುಗ್ಗಿ ಆ ಬಯಲಿಗೆ ಇಳಿಯುತ್ತದೆ. ಮುಪ್ಪಂದಲಿನ ಸಾವಿರಾರು ಗಾಳಿಯಂತ್ರಗಳು ನಿಂತಿರುವುದು ಆ ಕಿಂಡಿಯ ಬಾಯಲ್ಲೇ. ಆದರೆ ಅಲ್ಲಿಯ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಗಾಳಿ, ಮಳೆಯಿಲ್ಲ. ಹೀಗೆ ಸಾವಿರಾರು ವರ್ಷ ಬಯಲಿನ ಕೆಂಪು ಮಣ್ಣನ್ನು ಗುಡಿಸಿ ಒಯ್ದು ಕರಾವಳಿಯ ಕಡೆ ರಾಶಿ ಹಾಕಿದೆ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಆದಿಮಾನವನ ಕಲ್ಲಿನ ಕೊಡಲಿ ಹುಡುಕಿದ ರಾಬರ್ಟ್ ಬ್ರೂಸ್ ಫೂಟ್ ಈ ತೇರಿಗಳ ಬಗ್ಗೆಯೂ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿದ್ದಾರೆ. ಘಟ್ಟ ಒಂದೇ, ಗಾಳಿಯೂ ಒಂದೇ. ಮಳೆಯ ತಿಂಗಳು ಬದಲಾಯಿತು, ನೆಲದ ಹಣೆಬರಹ ಬದಲಾಯಿತು. ನಮ್ಮ ತಲಕಾಡಿನ ಮರಳಿನ ಹಿಂದೆಯೂ ನೈಋತ್ಯದ ಗಾಳಿಯಿದೆ, ಆದರೆ ಅಲ್ಲಿ ಸರಕು ಒದಗಿಸಿದ್ದು ಕಾವೇರಿಯ ತಿರುವು. ಆ ಮರಳಿಗೆ ಕಾರಣ ಎನ್ನುವ ಅಲಮೇಲಮ್ಮನ ಶಾಪವನ್ನು ನಂಬುವವರ ತಕರಾರಿಗೆ ನಾನು ಹೋಗುವುದಿಲ್ಲ.

ಇನ್ನು ದೊಡ್ಡ ಗಾಳಿಯ ವಿಚಾರ. ಉತ್ತರ ಚಾಡ್‌ನಲ್ಲಿ ಟಿಬೆಸ್ತಿ, ಎನ್ನೆಡಿ ಎಂಬ ಎರಡು ಪರ್ವತ ಸಮೂಹಗಳಿವೆ. ಟಿಬೆಸ್ತಿಯ ಎಮಿ ಕೂಸಿ ಶಿಖರ 3,400 ಮೀಟರ್ ಮೀರುತ್ತದೆ. ಈಶಾನ್ಯದಿಂದ ಬರುವ ಗಾಳಿ ಎರಡರ ನಡುವೆ ಇಕ್ಕಟ್ಟಾಗಿ ಹಾದು ವೇಗ ಹೆಚ್ಚಿಸಿಕೊಂಡು ಬೊಡೆಲೆ ಎಂಬ ತಗ್ಗಿಗೆ ಇಳಿಯುತ್ತದೆ. ಆ ತಗ್ಗು ಒಂದು ಕಾಲದ ಮಹಾಸರೋವರದ ತಳ. ನೀರಿನ ಸೂಕ್ಷ್ಮ ಪಾಚಿಗಳ ಚಿಪ್ಪು ಕೂಡಿ ಆದ ಬಿಳಿ ಹುಡಿ ಅಲ್ಲಿ ತುಂಬಿದೆ, ಹಗುರ, ಪುಡಿಪುಡಿ, ಗಾಳಿಗೆ ಹೇಳಿ ಮಾಡಿಸಿದಂಥದ್ದು. ವರ್ಷಕ್ಕೆ ಸುಮಾರು 100 ದಿನ ಧೂಳೇಳುವ ಬೊಡೆಲೆ ಜಗತ್ತಿನಲ್ಲೇ ಅತಿ ದೊಡ್ಡ ಧೂಳಿನ ಮೂಲ. ಅಲ್ಲಿಂದೆದ್ದದ್ದು ಅಟ್ಲಾಂಟಿಕ್ ಸಾಗರ ದಾಟಿ ಅಮೆಜಾನ್ ಕಾಡಿನವರೆಗೆ ಹೋಗುತ್ತದೆ. 2005ರಲ್ಲಿ ಉಪಕರಣ ಹೊತ್ತು ಅಲ್ಲಿಗೆ ಹೋದ ಸಂಶೋಧಕರು ಕಂಡ ದಿನಚರಿ ಸ್ವಾರಸ್ಯದ್ದು. ರಾತ್ರಿ ನೆಲ ತಣ್ಣಗಾದಾಗ ಗಾಳಿಯ ಹೊಳೆ ನೆಲ ಮುಟ್ಟದೆ ಕೆಲವು ನೂರು ಮೀಟರ್ ಮೇಲೆ ಹರಿಯುತ್ತಿರುತ್ತದೆ. ಬೆಳಗಿನ ಬಿಸಿಲಿಗೆ ನೆಲ ಕಾದು ಗಾಳಿ ಕಲಕಿದ ಕೂಡಲೇ ಆ ವೇಗವೆಲ್ಲ ಕೆಳಗಿಳಿದು ನೆಲಕ್ಕೆ ಬಡಿಯುತ್ತದೆ. ಹೀಗಾಗಿ ಧೂಳು ಏಳುವುದು ನಡುಹಗಲಿಗೆ ಮುಂಚೆ. ಅಲ್ಲಿ ಗಾಳಿ ಜೋರಾಗುವುದು ಚಳಿಗಾಲದಲ್ಲಿ. ಒಂದು ಹನಿ ಮಳೆಯಿಲ್ಲದ ಕಾಲದಲ್ಲಿ.

ಬೊಡೆಲೆಯ ಧೂಳು ಹಾಯುವ ದಾರಿಯಲ್ಲೇ ನೈಜರ್ ದೇಶವಿದೆ. ಅದರ ರಾಜಧಾನಿ ನಿಯಾಮೆಯಿಂದ 40 ಕಿ.ಮೀ.ಯಷ್ಟು ದೂರದ ಸಡೋರೆಯಲ್ಲಿ ಇಕ್ರಿಸ್ಯಾಟ್ 1980ರ ದಶಕದ ಆರಂಭದಲ್ಲಿ ತನ್ನ ಸಾಹೆಲ್ ಕೇಂದ್ರ ತೆರೆಯಿತು. ಅಲ್ಲಿಯ ಮಣ್ಣಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಮರಳು. ಎರಿಯ ಹರಳಿಲ್ಲ, ಮಸಾರಿಯಂಥ ಗಟ್ಟಿ ಪೊರೆಯೂ ಇಲ್ಲ. ಮಳೆಗಾಲದ ಮೊದಮೊದಲ ಗುಡುಗುಮೋಡಗಳು ಬಂದಾಗ ಮೋಡದಿಂದ ತಣ್ಣನೆಯ ಗಾಳಿ ಕೆಳಗೆ ಸುರಿದು ಹೊಲದ ಮೇಲೆ ಹರಡುತ್ತದೆ. ಮಳೆ ಬೀಳುವುದು ಆಮೇಲೆ. ಎರಡರ ನಡುವಿನ ಹತ್ತಿಪ್ಪತ್ತು ನಿಮಿಷದಲ್ಲಿ ಹಾರಿದ ಮರಳು ಆಗತಾನೆ ಮೊಳೆತ ಸಜ್ಜೆ ಸಸಿಗಳನ್ನು ಕುಯ್ದು, ಹೂತು, ಮುಗಿಸಿಬಿಡುತ್ತದೆ. ರೈತ ಮತ್ತೆ ಬಿತ್ತಬೇಕು, ಕೆಲವೊಮ್ಮೆ ಮೂರನೇ ಸಲವೂ. ಸಂಶೋಧಕರು ಅಲ್ಲಿ ಹೊಲದಂಚಿಗೆ ಮರಳು ಹಿಡಿಯುವ ಬಲೆಗಳನ್ನು ನೆಟ್ಟು ಕೂತರು. ಹೆಕ್ಟೇರಿಗೆ ಒಂದೂವರೆಯಿಂದ ಎರಡು ಟನ್ ಸಜ್ಜೆಯ ದಂಟು ಹರಡಿದರೆ ಮರಳಿನ ಓಟ ಬಹುಪಾಲು ತಗ್ಗುತ್ತದೆ, ಅರ್ಧ ಟನ್ನಿಗೆ ಜಗ್ಗುವುದಿಲ್ಲ ಎಂದು ಕಂಡುಕೊಂಡರು. ಆದರೆ ಅಲ್ಲಿ ದಂಟು ಎಂದರೆ ದನದ ಮೇವು, ಬೇಲಿ, ಮನೆಯ ಮಾಡು, ಒಲೆಯ ಉರುವಲು. ಹೊಲಕ್ಕೆ ಹಾಸಲು ಎರಡು ಟನ್ ಯಾರ ಮನೆಯಲ್ಲಿ ಮಿಗುತ್ತದೆ? ಕೊಪ್ಪಳ, ಯಾದಗಿರಿಯ ರೈತರಿಗೆ ಈ ಪ್ರಶ್ನೆ ಕೇಳಿದರೂ ಬರುವ ಉತ್ತರ ಬೇರೆಯಾಗಿರದು.

ಪಟಾನ್‌ಚೆರುವಿನ ವಂಶವಾಹಿ ಭಂಡಾರದಲ್ಲಿ ಆ ಸಾಹೆಲ್‌ನ ಸಜ್ಜೆಗಳೂ ಇವೆ. 1.2 ಲಕ್ಷಕ್ಕೂ ಮಿಕ್ಕ ಬೀಜದ ಮಾದರಿಗಳು, ಒಂದು ಕೋಣೆಯಲ್ಲಿ 4 ಡಿಗ್ರಿ, ಇನ್ನೊಂದರಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ. ನಮ್ಮ ರಾಗಿ, ನವಣೆ, ಸಾಮೆ, ಹಾರಕಗಳೂ ಅಲ್ಲೇ ಮಲಗಿವೆ. ಗಾಳಿಯ ಬೆನ್ನು ಹತ್ತಿದವನಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ, ಚಳಿಗೆ ಬೇಗ ಹೊರಬಂದೆ.

ಕನ್ನಡಿಗನೊಬ್ಬ ಇಲ್ಲಿಯವರೆಗೆ ಬಂದು ಪೊಟ್ಟಲಕೆರೆಯನ್ನು ನೆನೆಯದೆ ಹೋದರೆ ತಪ್ಪಾದೀತು. ಕಲ್ಯಾಣ ಚಾಲುಕ್ಯರ ಎರಡನೇ ಜಯಸಿಂಹ ಹನ್ನೊಂದನೇ ಶತಮಾನದ ಪೂರ್ವಾರ್ಧದಲ್ಲಿ ನೆಲೆವೀಡಾಗಿ ಮಾಡಿಕೊಂಡಿದ್ದ ಪೊಟ್ಟಲಕೆರೆ ಇದೇ ಪಟಾನ್‌ಚೆರು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಆತನ ರಾಣಿ ಸುಗ್ಗಲದೇವಿ, ವಚನಕಾರ ದೇವರ ದಾಸಿಮಯ್ಯನ ಐತಿಹ್ಯ ನಡೆಯುವುದು ಇದೇ ಊರಿನಲ್ಲಿ. ಇಲ್ಲಿ ಸಿಕ್ಕ ಜೈನ ಶಿಲ್ಪಗಳು ಈಗ ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿವೆ. ಊರೊಳಗಿನ ಸಾಕಿ ಚೆರುವಿನ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆ. ಈ ಸೀಮೆಯ ಅರಸರು, ಗೌಡರು ಕಂಡ ಕಂಡ ತಗ್ಗಿಗೆಲ್ಲ ಕೆರೆ ಕಟ್ಟಿದರು. ತಗ್ಗುಗಳು ನೀರು ತುಂಬಿಕೊಂಡದ್ದರಿಂದ, ಒಣಗಿದಾಗಲೂ ಅವುಗಳ ತಳದ ಗೋಡುಮಣ್ಣನ್ನು ರೈತರು ಬೇಸಿಗೆಯಲ್ಲಿ ಹೊಲಕ್ಕೆ ಹೊಡೆದದ್ದರಿಂದ, ಓವೆನ್ಸ್‌ನಂಥ ಬಯಲಾದ ತಳ ಇಲ್ಲಿ ಗಾಳಿಯ ಪಾಲಿಗೆ ಬೀಳಲಿಲ್ಲ ಎಂಬುದು ನನ್ನ ಊಹೆ. ಕೆರೆಗಳ ಇಂದಿನ ಸ್ಥಿತಿ ಬೇರೆ. 1970ರ ದಶಕದಿಂದ ಎದ್ದ ಕೈಗಾರಿಕಾ ಪ್ರದೇಶದ ಹೊಲಸು ನಕ್ಕವಾಗು ಹಳ್ಳಕ್ಕೆ ಹರಿದ ಕಥೆ 1990ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಲ್ಲಿಯೇ ವೈದ್ಯರಾಗಿದ್ದ ಡಾ. ಅಲ್ಲಾನಿ ಕಿಷನ್ ರಾವ್ ಅದಕ್ಕಾಗಿ ದಶಕಗಟ್ಟಲೆ ಹೋರಾಡಿದರು. ಅದನ್ನು ಬರೆಯಲು ಬೇರೆಯೇ ಲೇಖನ ಬೇಕು.

ಚಾಲಕ ಹೇಳಿದ ರಸ್ತೆಯ ಧೂಳಿಗೆ ಮಾತ್ರ ಈ ಊರಿನಲ್ಲಿ ಅಳತೆಗೋಲು ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ವಾಯುಗುಣಮಟ್ಟ ಮಾಪನ ಕೇಂದ್ರವೊಂದು ಇಕ್ರಿಸ್ಯಾಟ್ ಹೆಸರಿನಲ್ಲೇ ಕೆಲಸ ಮಾಡುತ್ತದೆ. ಅದರ ಅಂಕಿಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಮರುಭೂಮಿಯ ತಗ್ಗಿನಲ್ಲಿ ಗಾಳಿ ಏರಿದಂತೆ ಧೂಳಿನ ಅಂಕಿ ಏರುತ್ತದೆ. ಇಲ್ಲಿ ಉಲ್ಟಾ. ಪಡುವಣ ಗಾಳಿ ಬೀಸಿ ಮಳೆ ತೊಳೆಯುವ ಜುಲೈ, ಆಗಸ್ಟ್‌ನಲ್ಲಿ ಅಂಕಿ ವರ್ಷದಲ್ಲೇ ಕಡಿಮೆ. ಗಾಳಿ ಸತ್ತು, ತಣ್ಣನೆಯ ಪದರ ನೆಲಕ್ಕೆ ಒತ್ತಿಕೊಂಡು ಕೂರುವ ಡಿಸೆಂಬರ್, ಜನವರಿಯಲ್ಲಿ ಹೆಚ್ಚು. ಆ ಹೊತ್ತಿನಲ್ಲಿ ಹೆದ್ದಾರಿಯ ಹುಡಿ, ಡೀಸೆಲ್ ಹೊಗೆ, ಕಟ್ಟಡ ಕಾಮಗಾರಿಯ ಸಿಮೆಂಟು ಎಲ್ಲ ಎದ್ದಲ್ಲೇ ನಿಲ್ಲುತ್ತವೆ. ನಾವು ಹೊರಟಾಗ ಜೂನ್‌ನ ಗಾಳಿ ಇತ್ತು. ಜಲ್ಲಿ ತುಂಬಿದ ಟಿಪ್ಪರೊಂದರ ಹಿಂದೆ ಎದ್ದ ಬಿಳಿ ಹುಡಿಯನ್ನೆಲ್ಲ ಅದು ರಾಮಚಂದ್ರಾಪುರಂ, ಲಿಂಗಂಪಲ್ಲಿಯ ಕಡೆಗೆ ಸಾಗಿಸುತ್ತಿತ್ತು. ನಮ್ಮ ಕಾರು ಅದಕ್ಕೆ ಎದುರಾಗಿ ಸಂಗಾರೆಡ್ಡಿಯ ದಾರಿ ಹಿಡಿದದ್ದರಿಂದ ಕಿಟಕಿ ಇಳಿಸಬಹುದಾಗಿತ್ತು.